ಬೀರಣ್ಣನ ಕಣದಲ್ಲಿ ಅಳೆದ ಗಾಳಿ

ಉದಗೀರ,
ಚೈತ್ರ ವದ್ಯ ಪಂಚಮಿ, ಫಸಲಿ ೧೩೨೮

ತೀರ್ಥರೂಪ ಸಮಾನರಾದ ರೇವಣಸಿದ್ಧ ಅಣ್ಣನವರಿಗೆ ತಮ್ಮ ಮನ್ಮಥಪ್ಪನ ಶರಣು.

ಹೈದರಾಬಾದಿನಲ್ಲಿ ಜ್ವರ ತಿರುಗಿ ಹಬ್ಬಿದೆ ಎಂದು ಪತ್ರಿಕೆಯಲ್ಲಿ ಓದಿದೆ. ನಿಮ್ಮ ಕೆಮ್ಮು ಹೇಗಿದೆ? ಅವ್ವ ಕಳಿಸಿದ ಶುಂಠಿ ತೀರಿದ್ದರೆ ಬರೆಯಿರಿ, ಸಂಕೋಚ ಬೇಡ. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನವರು ಮೊಣಕಾಲು ನೋವಿನಲ್ಲೂ ದಿನಕ್ಕೆರಡು ಸಲ ತಾವು ಕಟ್ಟಿಸಿದ ಸಂತೆಯ ಹೊಸ ತಗಡಿನ ಚಪ್ಪರ ನೋಡಲು ಹೋಗುತ್ತಾರೆ.

ಆ ಚಪ್ಪರದ ಚಿಂತೆಯಿಂದಲೇ ಬರೆಯುತ್ತಿದ್ದೇನೆ. ಅಕ್ಷಯ ತದಿಗೆಗೆ ಅದರ ಆರಂಭ. ಅಂದಿನಿಂದ ಅರವತ್ತು ಹೆಣ್ಣುಮಕ್ಕಳು ಕಾಳಿನ ಬುಟ್ಟಿ ಇಟ್ಟುಕೊಂಡು ಅದರಡಿ ಕೂರುತ್ತಾರೆ. ನೀವು ತೆಗೆದ ನಕ್ಷೆಯ ಕಂಬ, ಬೋಲ್ಟುಗಳು ನಮ್ಮ ಗಾಳಿಗೆ ತಡೆಯುತ್ತವೆಯೇ ಎಂಬ ಅನುಮಾನ ನನಗೆ ಬಂದಿದೆ.

ಮಾಘದಲ್ಲಿ ನೀವು ಇಲ್ಲಿಯ ಗಾಳಿಯ ಒತ್ತಡ ಕೇಳಿದ್ದಿರಿ. ನಿಮ್ಮ ಎರಡು ಇಂಗ್ಲಿಷ್ ಪುಸ್ತಕಗಳಲ್ಲಿ ಒಂದರ ಅಂಕಿ ಇನ್ನೊಂದರ ಎರಡರಷ್ಟು, ಎರಡೂ ಇಂಗ್ಲೆಂಡಿನ ಸಮುದ್ರದಂಡೆಯವು. ಹೀಗಾಗಿ ನಾನೇ ಗಜ ಅಗಲ, ಗಜ ಎತ್ತರದ ಹಲಗೆ ಮಾಡಿಸಿ, ಅದರ ಹಿಂದೆ ನಮ್ಮ ಅಂಗಡಿಯ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಕಟ್ಟಿ ಜಳಕೋಟದ ರೈತ ಬೀರಣ್ಣನ ಕಣದಲ್ಲಿ ಹನ್ನೆರಡು ದಿನ ನಿಲ್ಲಿಸಿದೆ. “ಗಾಳಿ ನೋಡಬೇಕಂದ್ರ ರಾಶಿ ತೂರೋ ಕಣಕ್ಕs ಬರಬೇಕ್ರಿ ಸಾವಕಾರ್ರ” ಎಂದಿದ್ದ ಅವನು. ನನಗೂ ಸರಿ ಕಂಡಿತು. ಮುಳ್ಳು ಎರಡು ಸೇರು ದಾಟಲಿಲ್ಲ. ನೀವು ಅದನ್ನು ನಾಲ್ಕು ಪಟ್ಟು ಮಾಡಿ, ಎಂಟು ಸೇರಿಗೆ ನಕ್ಷೆ ತೆಗೆದಿರಿ.

ಹೋದ ವಾರ ಬೀರಣ್ಣನ ಹೆಂಡತಿ ಮುಕ್ತಾಬಾಯಿ ನಕ್ಕಳು: “ನೀವು ಅಳದದ್ದು ನಾವು ಹಾದಿ ಕಾಯೋ ಗಾಳೀರಿ. ವೈಶಾಖದಾಗ ಯಾರೂ ಕರೀಲಾರದs ಬರ್ತದಲ್ಲ, ಅದನ್ಯಾರು ಅಳ್ಯೋರು?”

ನಿನ್ನೆ ಮಧ್ಯಾಹ್ನ ಧೂಳಿನ ಗಾಳಿ ಎದ್ದಾಗ ಹಲಗೆಯನ್ನು ನಮ್ಮ ಮಾಳಿಗೆಯ ಮೇಲೆ ನಿಲ್ಲಿಸಿದೆ. ಮುಳ್ಳು ತಕ್ಕಡಿಯ ಕೊನೆಯ ಗೆರೆ, ಹತ್ತು ಸೇರು, ಮುಟ್ಟಿ ನಿಂತಿತು, ಹಲಗೆ ಸೀಳಿತು. ಹತ್ತಕ್ಕಿಂತ ಹೆಚ್ಚು ಎಂಬುದಷ್ಟೇ ಗೊತ್ತು, ಎಷ್ಟು ಹೆಚ್ಚು ಗೊತ್ತಿಲ್ಲ. ಚಪ್ಪರ ನಿಂತಿದೆ, ಆದರೆ ಪಡುವಣ ಅಂಚಿನ ಮೂರು ಬೋಲ್ಟು ಸಡಿಲಾಗಿವೆ. ಏಣಿ ಹತ್ತಿ ನೋಡಿದೆ. ಹಲಗೆ ಗಾಳಿಯ ನೂಕನ್ನು ಮಾತ್ರ ತೋರಿಸುತ್ತದೆ. ಗೋಡೆಯಿಲ್ಲದ ಚಪ್ಪರದ ಒಳಹೊಕ್ಕು ತಗಡನ್ನು ಮೇಲೆತ್ತುವ ಬಲ ಎಷ್ಟು? ಬೀದರ, ನಿಲಂಗಾ, ಎಲ್ಲಿಯದಾದರೂ ಸರಿ, ವೈಶಾಖದಲ್ಲಿ ಅಳೆದ ಅಂಕಿ ನಿಮ್ಮ ಕಚೇರಿಯ ದಫ್ತರಿನಲ್ಲಿ ಇದೆಯೇ ನೋಡಿರಿ. ಯಾರು, ಯಾವ ವರ್ಷ, ಎಷ್ಟು ಎತ್ತರದಲ್ಲಿ ಅಳೆದರು ಎಂಬುದೂ ಬೇಕು. ಬಾಯಿಮಾತು ಬೇಡ.

ಆರಂಭ ಮುಂದೂಡೋಣ ಎಂದರೆ ಅಪ್ಪನವರು ಒಪ್ಪುವುದಿಲ್ಲ. “ನಿಮ್ಮಣ್ಣ ಸರಕಾರದ ಓವರಸೀರ, ನೀ ಜ್ವಾಳ ತೂಗಾಂವ. ಅಂವನ ಲೆಕ್ಕ ತಿದ್ದತೀ ಏನು?” ಎನ್ನುತ್ತಾರೆ.

ಅತ್ತಿಗೆಯವರಿಗೆ ಶರಣು, ಕೂಸಿಗೆ ನನ್ನದೊಂದು ಮುದ್ದು.

ನಿಮ್ಮ ತಮ್ಮ
ಮನ್ಮಥಪ್ಪ

ತಾ. ಕ.: ಟಪಾಲಿನವನು ಬಾಗಿಲಲ್ಲಿದ್ದಾನೆ. ಆರಂಭದ ದಿನ ಅವ್ವನನ್ನೇ ಮೊದಲು ಚಪ್ಪರದಡಿ ಕೂರಿಸುವುದಾಗಿ ಅಪ್ಪನವರು ಈಗಷ್ಟೇ ಹೇಳಿದರು. ನಿಮ್ಮ ಲೆಕ್ಕದೊಳಗಿನ ಅಂಕಿ ನನ್ನದು, ಸುಗ್ಗಿಯ ಗಾಳಿಯದು ಎಂದು ಅವರಿಗೆ ಇವತ್ತೇ ಮೊದಲ ಸಲ ಹೇಳಿದೆ. “ರೇವಣಸಿದ್ಧ ಕಾಗದ ಬರದ್ರ ಆರಂಭ ನಿಲ್ಲಸ್ತೀನಿ” ಎಂದರು. ಅಂಕಿ ಹುಡುಕುತ್ತ ತಡ ಮಾಡಬೇಡಿ. ಆರಂಭ ನಿಲ್ಲಿಸಿರಿ ಎಂಬ ಒಂದು ಸಾಲನ್ನು ಮೊದಲು ಕಳಿಸಿರಿ.