ಹದಿನಾಲ್ಕು ಮುಚ್ಚಳದ ಡಬ್ಬಿ

ಮನೆಯಿಂದ,
ಮೇ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ದಿನಕ್ಕೆ ಒಂದೇ ಸಲ ಹತ್ತು, ಮೊಮ್ಮಕ್ಕಳು ಕರೆದರೆಂದು ಕುಣಿಯಬೇಡ. ಇಲ್ಲಿ ನಾನೂ ಅಪ್ಪನೂ ಚೆನ್ನಾಗಿದ್ದೇವೆ. ನನ್ನ ಅಡುಗೆಯನ್ನು ಅವರು ತುಟಿಪಿಟಕ್ಕೆನ್ನದೆ ತಿನ್ನುತ್ತಾರೆ. ಅದು ಹೊಗಳಿಕೆಯಲ್ಲವೆಂದು ನನಗೂ ಗೊತ್ತು.

ನೀನು ಹೊರಟ ದಿನದಿಂದ ಒಂದು ಮಾತು ಹೇಳಬೇಕೆಂದಿದ್ದೇನೆ. ಔಷಧಿ ಅಂಗಡಿಯಲ್ಲಿ ಕೂತು, ಡಾಕ್ಟರು ಗೀಚಿದ್ದನ್ನು ಬಿಡಿಸಿ, ಇದು ಊಟಕ್ಕೆ ಮುಂಚೆ, ಇದು ಆಮೇಲೆ ಎಂದು ಊರಿಗೆಲ್ಲ ಸುಲಭ ಮಾಡಿ ಹೇಳುವವನು ನಾನು. ಆ ಜಂಬದಲ್ಲೇ ಅಪ್ಪನ ಬಿಪಿ, ಶುಗರ್ ಮಾತ್ರೆಗಳಿಗೆ ಆ ಡಬ್ಬಿ ತಂದೆ. ವಾರಕ್ಕೆ ಏಳು ದಿನ, ಬೆಳಗ್ಗೆ ರಾತ್ರಿ ಸೇರಿ ಹದಿನಾಲ್ಕು ಮುಚ್ಚಳ. ನಿನ್ನ ಪದ್ಧತಿಯೋ, ಒಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ದಪ್ಪ ಬಿಳಿ ಮಾತ್ರೆ ನಿನಗೆ ‘ಬೀಗರು’, ಪುಟ್ಟ ಗುಲಾಬಿಯದು ‘ಚಿಕ್ಕಮ್ಮ’, ಅರ್ಧಕ್ಕೆ ಮುರಿದದ್ದು ‘ಜಿಪುಣ’. “ರೀ, ಚಿಕ್ಕಮ್ಮ ಬಂದಿದ್ದಾಳೆ, ಬಾಗಿಲು ತೆಗೀರಿ” ಎಂದು ನೀನು ಅಂಗೈ ಚಾಚಿದರೆ, “ಇವಳದ್ದೊಂದು ಕಾಟ” ಎಂದು ಗೊಣಗುತ್ತಲೇ ಅವರು ಬಾಯಿ ತೆರೆಯುತ್ತಿದ್ದರು. ಡಬ್ಬಿ ತಂದ ದಿನ ನಾನು “ಅಮ್ಮಾ, ಇದೇನೂ ಮಕ್ಕಳಾಟ ಅಲ್ಲ. ನಿಂಗೆ ಅರ್ಥ ಆಗಲ್ಲ, ಬಿಡು” ಎಂದುಬಿಟ್ಟೆನಲ್ಲ, ಅದೂ ಅಪ್ಪನ ಎದುರಿಗೇ. ನೀನು ಮಾತ್ರೆ ಇಡುತ್ತಿದ್ದ ಹಳೇ ಬಿಸ್ಕತ್ತಿನ ಡಬ್ಬವನ್ನು ನನ್ನ ಕೈಗಿಟ್ಟೆ. ಎರಡೇ ದಿನಕ್ಕೆ “ಇನ್ನು ನಂಗೆ ಇಲ್ಲೇನು ಕೆಲಸ” ಎಂದು ಬಸ್ಸು ಹತ್ತಿದೆ. ನಾನು ತಡೆಯಲಿಲ್ಲ. ನೆನೆದರೆ ನನ್ನ ಮೇಲೆ ನನಗೇ ನಾಚಿಕೆಯಾಗುತ್ತದೆ.

ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳು. ಮಕ್ಕಳ ಕೆನ್ನೆಯನ್ನು ನನ್ನ ಪರವಾಗಿ ಒಂದು ಸಲ ಹಿಂಡು.

ನಿನ್ನ
ಅತಿಜಾಣ ಮಗ

ತಾ.ಕ.: ಚೆನ್ನಾಗಿದ್ದೇವೆ ಎಂದು ಮೇಲೆ ಬರೆದದ್ದು ಸುಳ್ಳು. ನಿನ್ನೆ ಅಪ್ಪ ತಲೆಸುತ್ತಿ ಬಚ್ಚಲ ಬಾಗಿಲಲ್ಲೇ ಕುಸಿದು ಕೂತರು. ಪೆಟ್ಟೇನೂ ಆಗಿಲ್ಲ, ಬಿಪಿ ಮಾತ್ರ ವಿಪರೀತ ಏರಿತ್ತು. ಡಬ್ಬಿ ದಿನಾ ಸರಿಯಾಗಿ ಖಾಲಿಯಾಗುತ್ತಿತ್ತು, ನಾನೂ ನೋಡಿ ಬೀಗುತ್ತಿದ್ದೆ. ನೀನು ಹೋದಾಗಿನಿಂದ ನುಂಗಬೇಕಾದ ಮಾತ್ರೆಗಳೆಲ್ಲ ಅವರ ಕನ್ನಡಕದ ಪೆಟ್ಟಿಗೆಯಲ್ಲಿ ಸಿಕ್ಕವು. ಯಾಕಪ್ಪಾ ಎಂದರೆ, “ಕೊಡೋರು ಯಾರಿದ್ರು?” ಎಂದರು. ಇವತ್ತು ಬೆಳಗ್ಗೆ ನಾನೇ ಅಂಗೈ ಚಾಚಿ, ಚಿಕ್ಕಮ್ಮ ಬಂದಿದ್ದಾಳೆ ಎಂದೆ. ನುಂಗಿದರು. ಆದರೆ ಗೊಣಗಲಿಲ್ಲ, ಅಮ್ಮಾ. ಬಿಸ್ಕತ್ತಿನ ಡಬ್ಬವನ್ನು ಅದರ ಜಾಗದಲ್ಲೇ ಇಟ್ಟಿದ್ದೇನೆ. ಬಂದುಬಿಡು.