ಅಣ್ಣ ಕೇಳುತ್ತಿದ್ದ ಪ್ರಶ್ನೆ

ಹಾರ್ಲನ್ ಫೆರಿ, ಐಯೊವಾ
ಆಗಸ್ಟ್ ೧೯, ಸೋಮವಾರ

ಮಗಳೇ ಡಾರ್ಲಾ,

ಹಡಗಿನ ಅಡುಗೆಮನೆಯಲ್ಲಿ ನಿಂತೂ ನಿಂತೂ ನಿನ್ನ ಕಾಲು ಊದಿಕೊಳ್ಳುತ್ತಿದ್ದವಲ್ಲ, ಈಗ ಹೇಗಿವೆ? ಸರೋವರದ ಗಾಳಿಗೆ ಕಿವಿ ಮುಚ್ಚಿಕೊಳ್ಳುತ್ತೀಯೋ ಇಲ್ಲವೋ? ನಾನು ಗಟ್ಟಿಯಾಗಿದ್ದೇನೆ. ಹಳ್ಳಿ ಶಾಲೆಯಲ್ಲಿ ಎಂಟನೇ ತರಗತಿಗೇ ಕೈಮುಗಿದು ಬಂದರೂ ಇಷ್ಟು ಚೆಂದದ ಅಕ್ಷರ ಈ ಜಿಲ್ಲೆಯಲ್ಲಿ ನನ್ನದೊಂದೇ. ಓದಲು ಕಷ್ಟವಾದರೆ ತಪ್ಪು ನಿನ್ನ ಕಣ್ಣಿನದು.

ನಿನ್ನಪ್ಪನನ್ನು ಮಣ್ಣು ಮಾಡಿ ನೀನು ಹಡಗಿಗೆ ವಾಪಸು ಹೋದ ಮೇಲೆ ನಿನ್ನೆಯೇ ಮೊದಲ ಸಲ ಬೇಸ್‌ಬಾಲ್ ನೋಡಲು ಹೋದೆ. ಮೂರನೇ ಬೇಸಿನ ಹಿಂದೆ ನಮ್ಮ ಜೋಡಿ ಸೀಟು ಹಾಗೆಯೇ ಇದ್ದವು. ಒಂದರಲ್ಲಿ ಕೂತೆ. ಎದುರು ತಂಡದವರನ್ನು ಹೀಯಾಳಿಸುವುದರಲ್ಲಿ ನನ್ನ ಬಾಯಿಗೆ ಸಾಟಿಯಿಲ್ಲ, ಅದು ನಿನಗೂ ಗೊತ್ತು. ನಿನ್ನಪ್ಪ, ನನ್ನಣ್ಣ, ಇದ್ದಾಗ ಎದ್ದು ನಿಂತು, “ಅರ್ಲೋ, ಆ ಹುಡುಗ ಬ್ಯಾಟನ್ನ ಯಾಕೋ ಹಂಗೆ ಬೀಸ್ತಾನೆ?” ಎಂದು ಇಡೀ ಮೈದಾನಕ್ಕೆ ಕೇಳಿಸುವಂತೆ ಕೂಗುವನು. ನಾನು, “ಸೊಳ್ಳೆ ಓಡಿಸ್ತಿದಾನೆ ಕಣಣ್ಣಾ, ಚೆಂಡು ಬಂದು ಹೋಗಿದ್ದು ಅವನಿಗಿನ್ನೂ ಯಾರೂ ಹೇಳಿಲ್ಲ!” ಎನ್ನುವೆ. ಆ ತಂಡದವರೇ ಮುಖ ತಿರುಗಿಸಿಕೊಂಡು ನಗುತ್ತಿದ್ದರು. ನಿನ್ನೆ ಆಟ ಮುಗಿಯುವವರೆಗೂ ಕೂತಿದ್ದೆ, ಒಂದು ಕೂಗೂ ಹೊರಡಲಿಲ್ಲ. ದುಃಖಕ್ಕೆ ಅಂದುಕೊಳ್ಳಬೇಡ, ಅದೂ ಇರಲಿಲ್ಲ. ಹಾಟ್ ಡಾಗ್ ತಿಂದೆ, ಸಾಸಿವೆ ಹಾಕಿದ್ದರೋ ಇಲ್ಲವೋ ತಿಳಿಯಲಿಲ್ಲ. ಏಳನೇ ಸರದಿಯಲ್ಲಿ ವಾಡಿಕೆಯಂತೆ ಎಲ್ಲರೂ ಹಾಡಲು ಎದ್ದರು, ಎದ್ದೆ. ಕೂತರು, ಕೂತೆ.

ಆಗ ಎದುರು ತಂಡದ ಡೆಲ್ಗಾಡೊ ಬೇಲಿಯ ಹತ್ತಿರ ಬಂದ. ಮೂರನೇ ಬೇಸಿನಲ್ಲಿ ನಿಂತು ಮೂರು ವರ್ಷದಿಂದ ನಮ್ಮ ಬೈಗುಳ ತಿಂದವನು. “ಏನ್ ಯಜಮಾನ್ರೇ, ಇವತ್ತು ಅಂಗಡಿ ಮುಚ್ಚಿದೀರಾ? ಎಲ್ಲಿ ನಿಮ್ಮಣ್ಣ?” ಎಂದ. ನನ್ನ ಬಾಯಿ ತಾನಾಗಿ, “ಬಿಯರ್ ತರೋಕೆ ಹೋದ” ಎಂದಿತು. ಹಿಂದಿನ ಸಾಲಿನಲ್ಲಿ ಬರ್ನೀಸ್ ಕೂತಿದ್ದಳು. ಅಣ್ಣನ ಮಣ್ಣಿಗೆ ಬಂದವರಿಗೆಲ್ಲ ಊಟ ಬಡಿಸಿದವಳು ಅವಳೇ. ಸುಮ್ಮನಿದ್ದಾಳೆಯೇ? “ಕ್ಯೂ ಉದ್ದ ಇದೆ ಕಣಪ್ಪಾ” ಎಂದಳು. “ಬೇಗ ಬರೋಕೆ ಹೇಳಿ. ಬೈಯೋರಿಲ್ದೆ ನಂಗೆ ಕೈಯೇ ಓಡ್ತಿಲ್ಲ” ಎಂದು ಡೆಲ್ಗಾಡೊ ಹೋದ. ಕೊನೆಯವರೆಗೂ ಮೆಟ್ಟಿಲ ಕಡೆಗೆ ನೋಡುತ್ತಲೇ ಇದ್ದ. ನಾವು ಸೋತೆವು. ಕಾರಿನ ತನಕ ಬರ್ನೀಸ್ ಜೊತೆಯಲ್ಲೇ ಬಂದಳು.

ನಿನ್ನ ಬೆಕ್ಕು ಅವಳ ಮನೆಯಲ್ಲಿ ತಿಂದು ತಿಂದು ದಿಂಬಿನಂತಾಗಿದೆ. ನೀರು ನಿನ್ನನ್ನು ಒಳ್ಳೆಯ ಮನಸ್ಸಿನಿಂದ ದಡ ಮುಟ್ಟಿಸಲಿ.

ನಿನ್ನ ಚಿಕ್ಕಪ್ಪ,
ಅರ್ಲೊ

ಅಂಚೆಯವನು ಬಾಗಿಲಲ್ಲಿದ್ದಾನೆ, ಇದಿಷ್ಟು ಬರೆಯುತ್ತೇನೆ: ಸೆಪ್ಟೆಂಬರಿನ ಮೊದಲ ಭಾನುವಾರ ಅದೇ ತಂಡ ಮತ್ತೆ ಬರುತ್ತದೆ, ನಿನಗೂ ಆ ವಾರ ರಜೆ. ನನಗೆ ಉತ್ತರ ಹೇಳಲು ಮಾತ್ರ ಬರುತ್ತದೆ ಡಾರ್ಲಾ. ಕನ್ನಡಿಯ ಮುಂದೆ ನಿಂತು ನೋಡಿದೆ, ಪ್ರಶ್ನೆ ಬರುವುದಿಲ್ಲ. ನೀನು ಬಂದು ಪಕ್ಕದಲ್ಲಿ ಕೂತು ಏನಾದರೂ ಒಂದು ಕೇಳು. ಎಂಥ ಪೆದ್ದು ಪ್ರಶ್ನೆಯಾದರೂ ಸರಿ, ಜೋರಾಗಿ ಕೇಳು.