ಹತ್ತು ದಿನದ ದೇಶ

ಬನವಾಸಿ
೨೦ ಫೆಬ್ರವರಿ ೨೦೨೫

ಪ್ರೀತಿಯ ಗೀತಕ್ಕಾ,

ಹೇಗಿದ್ದೀಯಾ? ಜೋರ್ಹಾಟಿನ ಚಳಿ ಇಳಿಯಿತೇ? ಆಸ್ಪತ್ರೆಯ ಪಾಳಿ ಮುಗಿಸಿ ಬಂದಾಗ ನಿನ್ನ ಕಾಲು ಬಾತುಕೊಳ್ಳುತ್ತಿತ್ತಲ್ಲ, ಈಗ ಹೇಗಿದೆ? ಪ್ರಾಂಜಲ ಭಾವ ಆರಾಮಿದ್ದಾರಾ? ಅವರನ್ನು ಭಾವ ಎಂದು ಬರೆದದ್ದು ಇದೇ ಮೊದಲು. ಬರೆದು ನೋಡಿದೆ, ಚೆನ್ನಾಗಿಯೇ ಕಾಣುತ್ತದೆ. ಇಲ್ಲಿ ಎಲ್ಲರೂ ಸೌಖ್ಯ. ಅವ್ವನ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ತಕರಾರು ತೆಗೆಯುತ್ತದೆ. ಫೋನಿರುವಾಗ ಕಾಗದವೇಕೆ ಅಂತ ನಗಬೇಡ. ನಿನ್ನ ಮದುವೆಯಾಗಿ ನಾಲ್ಕು ವರ್ಷವಾಯಿತು, ನೀನೂ ಅಪ್ಪನೂ ಒಂದು ಮಾತಾಡಿಲ್ಲ. ಫೋನಿನಲ್ಲಿ ನಾನು ಅಪ್ಪನ ಹೆಸರೆತ್ತಿದ ಕೂಡಲೇ ‘ಆಮ್ಯಾಲೆ ಮಾಡ್ತೀನಿ’ ಅಂತ ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ನಡುವೆ ನಿಲ್ಲಿಸಿದರೂ ಅದು ಅಲ್ಲೇ ಬಿದ್ದಿರುತ್ತದೆ, ಮತ್ತೆ ಓದಲೇಬೇಕಾಗುತ್ತದೆ.

ನನ್ನ ಸುದ್ದಿ ಮೊದಲು. ಹತ್ತನೇ ಕ್ಲಾಸು ಬಿಟ್ಟ ಮೇಲೆ ಹೊಲಿಗೆ, ಮೊಬೈಲ್ ಅಂಗಡಿ, ಬೇಕರಿ ಎಲ್ಲ ಸುತ್ತಿ, ಈಗ ಶಿರಸಿಯಲ್ಲಿ ವಿಘ್ನೇಶ್ವರ ಹೆಗಡೆಯವರ ಟೂರ್ಸ್ ಆಫೀಸಿನಲ್ಲಿ ಕೂತಿದ್ದೇನೆ. ನಾನು ಒಂದು ಕಡೆ ಕೂತಿದ್ದೇನೆ ಅನ್ನುವುದೇ ದೊಡ್ಡ ಸುದ್ದಿ. ಹೊರಗಿನಿಂದ ಬಂದವರಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರನ್ನೂ ಎರಡು ದಿನದಲ್ಲಿ ತೋರಿಸುವ ಪ್ಲ್ಯಾನ್ ಬರೆದುಕೊಡುವುದು ನನ್ನ ಕೆಲಸ. ಬೇಸಿಗೆಯಲ್ಲಿ ಜಲಪಾತ ಕೇಳಿದವರಿಗೆ ‘ಈಗ ನೀರು ಕಡಿಮೆ, ಮಳೆಗಾಲ ಮುಗಿಸಿ ಬನ್ನಿ’ ಅನ್ನುತ್ತೇನೆ. ಹೆಗಡೆಯವರು ತಲೆ ಚಚ್ಚಿಕೊಳ್ಳುತ್ತಾರೆ: ‘ಎಂತದೇ ಮಾರಾಯ್ತಿ, ಬಂದ ಗಿರಾಕಿ ಓಡಿಸ್ಲಿಕ್ಕೆ ಸಂಬಳ ಕೊಡುದಾ ನಿಂಗೆ?’ ಆದರೂ ಹೊರಗೆ ಹಾಕಿಲ್ಲ. ಹೋದ ತಿಂಗಳು ಗುಜರಾತಿನ ಒಬ್ಬ ಅಜ್ಜಿ ಸೋಂದಾದ ದಾರಿಯಲ್ಲಿ ಕಾರು ನಿಲ್ಲಿಸಿ ಕಾಳುಮೆಣಸಿನ ಬಳ್ಳಿಯನ್ನು ಹಿಡಿದುಕೊಂಡು ನಿಂತೇಬಿಟ್ಟರಂತೆ. ಎಪ್ಪತ್ತು ವರ್ಷ ತಿಂದದ್ದು ಹೀಗೆ ಮರ ತಬ್ಬಿಕೊಂಡು ಬೆಳೆಯುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲವಂತೆ.

ಇದನ್ನು ಊಟದ ಹೊತ್ತಿನಲ್ಲಿ ಹೇಳಿದೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ‘ಮಂದಿ ಅಷ್ಟ ದೂರದಿಂದ ಬರ್ತಾರ. ನಾವು ಹುಬ್ಬಳ್ಳಿ ದಾಟಿಲ್ಲ. ಗಿರಣಿ ಕಲ್ಲು ಬದಲಸೂದೈತಿ, ಹತ್ತು ದಿನ ಬಂದ್ ಇಡತೇನಿ. ದೇಶ ನೋಡಿ ಬರೂಣು, ನೀನ ಪ್ಲ್ಯಾನ್ ಮಾಡು’ ಅಂದರು. ಇಲ್ಲೇ ಯಲ್ಲಾಪುರ ತಾಲೂಕಿನ ನಂದೊಳ್ಳಿಯ ಅತ್ತೆಯ ಮನೆಗೆ ಹೋಗಿಬಂದರೆ ವಾರವಿಡೀ ದಣಿವು ಅನ್ನುವ ಮನುಷ್ಯ!

ಮರುದಿನ ಆಫೀಸಿನ ದೊಡ್ಡ ನಕಾಶೆ ತಂದು ಗಿರಣಿಯಲ್ಲಿ ಚೀಲಗಳ ಮೇಲೆ ಹಾಸಿದೆ. ನಮ್ಮೂರು ಎಲ್ಲಿ ಅಂತ ಅಪ್ಪ ಕೇಳಿದರು. ತೋರಿಸಿದ ಕಡೆ ಹಿಟ್ಟಿನ ಬೆರಳಿಟ್ಟರು. ಆ ಒಂದು ಬೆರಳಡಿಗೆ ಮೂರೂ ತಾಲೂಕು ಮುಚ್ಚಿಹೋದವು. ನಾನು ದಿನಾ ಒಂದು ಗಂಟೆ ಬಸ್ಸಿನಲ್ಲಿ ನಿಂತು ಹೋಗುವ ದಾರಿ ಆ ಬೆರಳಿನ ಒಂದು ಗೆರೆಯಷ್ಟೂ ಇರಲಿಲ್ಲ. ಉಳಿದ ದೇಶವೆಲ್ಲ ಚೀಲದಿಂದ ಚೀಲಕ್ಕೆ ಹಾಸಿಕೊಂಡು ಬಿದ್ದಿತ್ತು.

ಆಮೇಲೆ ಶುರುವಾಯಿತು ನೋಡು. ಕೇರಳ ಅಂದೆ. ‘ಅಲ್ಲೂ ಅಡಿಕಿ, ಅಲ್ಲೂ ಮಳಿ.’ ರಾಜಸ್ಥಾನ ಅಂದೆ. ‘ಉಸುಕು ನೋಡಾಕ ರೊಕ್ಕ ಕೊಡೂದ?’ ಕಾಶ್ಮೀರ ಅಂದರೆ ಅವ್ವನ ಮೊಣಕಾಲು ಅಡ್ಡ ಬಂತು. ಆಗ್ರಾ ಅಂದರೆ ಅದು ಕ್ಯಾಲೆಂಡರಿನಲ್ಲಿ ದಿನಾ ಕಾಣುತ್ತದಂತೆ. ಹಾಗೆ ಬೇಡ ಬೇಡ ಅನ್ನುತ್ತಲೇ ಬೆರಳು ಪೂರ್ವದ ಕಡೆ ಹತ್ತಿತು, ತುತ್ತತುದಿಗೆ, ನಿನ್ನ ಜೋರ್ಹಾಟಿನ ಮೇಲೆ ಹೋಗಿ ನಿಂತಿತು. ‘ಇಲ್ಲೇನೈತಿ?’ ಅಂದರು, ಏನೂ ತಿಳಿಯದವರ ಹಾಗೆ. ಚಹಾ ತೋಟ ಅಂದೆ. ‘ದಿನಾ ಕುಡಿತೇವಿ, ಗಿಡಾ ಹೆಂಗಿರತೈತಂತ ಕಂಡಿಲ್ಲ. ಆ ಗುಜರಾತಿನ ಅಜ್ಜಿಗಿಂತ ಕಡೀ ಆದಿವಿ’ ಅಂದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಅಲ್ಲಿಂದಲೇ ಕೂಗಿದಳು: ‘ಚಾ ಗಿಡಾ ನೋಡಾಕ ಮೂರ ದಿನಾ ರೈಲಾಗ ಕುಂಡ್ರೂದು? ಭಾಳ ಚಲೋ ಆತು, ನಾ ಶೇಂಗಾ ಹೋಳಿಗಿ ಮಾಡತೇನಿ!’ ಚಹಾ ಗಿಡಕ್ಕೆ ಹೋಳಿಗೆ ಯಾಕೆ ಅಂತ ಯಾರೂ ಕೇಳಲಿಲ್ಲ.

ಅಕ್ಕಾ, ಆ ದಾರಿ ಹುಡುಕುತ್ತ ಕೂತಾಗ ನನಗೆ ಮೈ ಜುಮ್ ಅಂದಿತು. ಬೆಂಗಳೂರು ಬಿಟ್ಟ ರೈಲು ಕೃಷ್ಣೆ ದಾಟುತ್ತದೆ, ಗೋದಾವರಿ, ಮಹಾನದಿ ದಾಟುತ್ತದೆ, ಗಂಗೆ ದಾಟುತ್ತದೆ, ಆದರೂ ನಿನ್ನ ಊರು ಬರುವುದಿಲ್ಲ. ಸ್ಟೇಶನ್ನಿನ ಬೋರ್ಡಿನ ಅಕ್ಷರ ಕನ್ನಡ ಹೋಗಿ ತೆಲುಗಾಗುತ್ತದೆ, ಒಡಿಯಾದಲ್ಲಿ ಗುಂಡಗಾಗುತ್ತದೆ, ಬಂಗಾಲದಲ್ಲಿ ಚೂಪಾಗುತ್ತದೆ. ಹಿಂದಿಯಲ್ಲಿ ಹದಿಮೂರು ಅಂಕ ತೆಗೆದ ನನಗೆ ಇಷ್ಟೆಲ್ಲ ಅಕ್ಷರಗಳು ಒಂದೇ ಹಳಿಯ ಮೇಲೆ ಸಿಗುತ್ತವೆಂದು ಶಾಲೆಯಲ್ಲಿ ಯಾರಾದರೂ ಹೇಳಿದ್ದರೆ ಇನ್ನೊಂದು ವರ್ಷ ಕೂತಿರುತ್ತಿದ್ದೆನೋ ಏನೋ. ಬ್ರಹ್ಮಪುತ್ರದ ಆಚೆ ದಡ ಕಾಣುವುದಿಲ್ಲವಂತೆ ಅಂತ ಅವ್ವನಿಗೆ ಹೇಳಿದೆ. ಬೇಸಿಗೆಯಲ್ಲಿ ಸೀರೆ ಎತ್ತಿಕೊಂಡು ನಮ್ಮೂರ ವರದಾ ಹೊಳೆ ದಾಟಿದವಳು ಅವಳು. ‘ಮತ್ತ ಅದು ಹೊಳಿ ಅಂತ ಹೆಂಗ ಗೊತ್ತಾತು?’ ಅಂದಳು. ನೀನು ಒಬ್ಬಳೇ ಇದನ್ನೆಲ್ಲ ದಾಟಿ ಹೋದೆಯಲ್ಲ! ನಾನು ಇಷ್ಟು ದಿನ ನೀನು ಓಡಿಹೋದೆ ಅಂದುಕೊಂಡಿದ್ದೆ. ನಕಾಶೆ ನೋಡಿದ ಮೇಲೆ ಆ ಮಾತು ಬಾಯಿಗೆ ಬರುತ್ತಿಲ್ಲ.

ಸುಳ್ಳು ನನಗೆ ಒಗ್ಗುವುದಿಲ್ಲ. ಅಪ್ಪನನ್ನು ನೇರವಾಗಿ ಕೇಳಿದೆ: ‘ಅಕ್ಕನ ನೋಡಾಕ ಹೊಂಟೇವಿ ಅಂತ ಹೇಳಾಕ ಏನಾಗೈತ್ರಿ?’ ಅವರು ಎದ್ದು ಹೋಗಿ ಗಿರಣಿ ಚಾಲು ಮಾಡಿದರು. ಹಾಕಲು ಕಾಳೇ ಇರಲಿಲ್ಲ. ಬರಿ ಕಲ್ಲು ತಿರುಗಿಸಿದರೆ ಬೇರೆಯವರಿಗೆ ಬೈಯುವವರು ಬರಿ ಕಲ್ಲನ್ನೇ ತಿರುಗಿಸುತ್ತ ನಿಂತರು. ನಿಲ್ಲಿಸಿದ ಮೇಲೆ ಹೇಳಿದರು: ‘ಆ ಊರಾಗ ಒಂದು ಲಾಡ್ಜ್ ಹಿಡಿ. ಕರೀಲಾರದ ಮಗಳ ಮನಿ ಹೊಸ್ತಲಾ ತುಳಿಯೂದು ನಮ್ಮೊಳಗಿಲ್ಲ.’ ಇತ್ತ ನೀನು ಅವ್ವನ ಹತ್ತಿರ ‘ಅಪ್ಪ ಬಾ ಅಂದ್ರ ಬರ್ತೀನಿ’ ಅಂದಿದ್ದೀ. ಇಡೀ ದೇಶವನ್ನು ನಡುವೆ ಇಟ್ಟುಕೊಂಡು ಇಬ್ಬರೂ ಒಬ್ಬರನ್ನೊಬ್ಬರು ಕರೆಯಲಿ ಅಂತ ಕೂತಿದ್ದೀರಿ. ನೀನು ಮದುವೆಯಾದದ್ದು ತಪ್ಪಲ್ಲ. ಆದ ಮೇಲೆ ಫೋಟೋ ಕಳಿಸಿ ತಿಳಿಸಿದ್ದು ತಪ್ಪು. ಅಪ್ಪ ನಾಲ್ಕು ವರ್ಷ ನಿನ್ನ ಹೆಸರೆತ್ತದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಅವರಿಗೂ ಇದನ್ನೇ ಹೇಳಿದ್ದೇನೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ನಿನಗೆ ಅವ್ವನ ಆಶೀರ್ವಾದ. ಅಪ್ಪ ಏನೂ ಹೇಳಿಕಳಿಸಿಲ್ಲ, ಇಲ್ಲದ್ದನ್ನು ನಾನು ಬರೆಯುವುದಿಲ್ಲ.

ನಿನ್ನ ತಂಗಿ,
ದಾಕ್ಷಾಯಿಣಿ

ತಾ.ಕ.: ಸ್ಪೀಡ್ ಪೋಸ್ಟಿಗೆ ಹೊತ್ತಾಗುತ್ತಿದೆ. ರೈಲಿನ ಟಿಕೆಟ್ ಆಗಿವೆ, ಮಾರ್ಚ್ ಹನ್ನೆರಡಕ್ಕೆ ಹೊರಡುತ್ತೇವೆ. ಲಾಡ್ಜ್ ಹಿಡಿದಿಲ್ಲ, ಹಿಡಿಯುವುದೂ ಇಲ್ಲ. ಈಗಷ್ಟೇ ಅಪ್ಪನ ಮುಖಕ್ಕೇ ಹೇಳಿ ಬಂದೆ. ‘ಹಂಗಾದ್ರ ಸ್ಟೇಶನ್ನಿನಾಗ ಮಲಗೂಣು ಬಿಡು’ ಅಂದರು, ಆದರೆ ಹೊರಡುವುದಿಲ್ಲ ಅನ್ನಲಿಲ್ಲ. ಸಂಜೆ ಗಿರಣಿ ನಿಂತ ಮೇಲೆ ಅವರಿಗೆ ನೀನೇ ಫೋನ್ ಮಾಡು. ಕ್ಷಮೆ ಕೇಳಬೇಡ, ಹಳೆಯದನ್ನು ತೆಗೆಯಬೇಡ. ‘ಅಪ್ಪಾ, ನಮ್ಮನೀಗೆ ಬರ್ರಿ’ ಅಂತ ಅಷ್ಟೇ ಅನ್ನು. ಆ ಕಡೆಯಿಂದ ಏನೂ ಕೇಳಿಸದಿದ್ದರೂ ಫೋನ್ ಇಡಬೇಡ ಅಕ್ಕಾ, ಅವರಿಗೆ ಮಾತು ಬರಲು ಸ್ವಲ್ಪ ಹೊತ್ತು ಬೇಕಾಗುತ್ತದೆ.